ಹಗೇವಿನ ಉಸಿರು, ಅವ್ವನ ಹಗ್ಗ

ನನ್ನ ಅವ್ವ ಹಗ್ಗ ಹೊಸೆಯುತ್ತಿದ್ದಳು, ಹೊಟ್ಟೆಪಾಡಿಗಲ್ಲ. ಹೊಲದ ಬದುವಿನಲ್ಲಿ ಬೆಳೆದ ಪುಂಡಿಯ ಕೋಲುಗಳನ್ನು ಕೊಯ್ದು, ಹಳ್ಳದ ಮಡುವಿನಲ್ಲಿ ಕಲ್ಲು ಹೇರಿ ಮುಳುಗಿಸಿ, ಸಿಪ್ಪೆ ಕೊಳೆತು ಸಡಿಲಾದ ಮೇಲೆ ನಾರು ಸುಲಿದು ತರುತ್ತಿದ್ದಳು. ಆ ನಾರಿನ ನಾತ ಮನೆ ತುಂಬ, ನನ್ನ ಜಡೆ ತುಂಬ. ಹಗ್ಗ ಹೊಸೆಯಲು ಇಬ್ಬರು ಬೇಕು. ಒಬ್ಬರು ಹುರಿ ಹಾಕಬೇಕು, ಇನ್ನೊಬ್ಬರು ತುದಿ ಹಿಡಿದು ಬಿಗಿಯಾಗಿ ಕೂರಬೇಕು. ತುದಿ ಹಿಡಿಯುವ ಕೆಲಸ ನನ್ನ ಪಾಲಿನದು, ನಾನು ಗೊಣಗುತ್ತಲೇ ಅದನ್ನು ಮಾಡುತ್ತಿದ್ದೆ.

ಹೊಸೆದ ಹಗ್ಗವನ್ನು ಅವಳು ಮಾರುತ್ತಿರಲಿಲ್ಲ. ನಮ್ಮೂರು ಜಮಖಂಡಿಯಿಂದ ಬೀಳಗಿಯ ಕಡೆಗೆ ಹೋಗುವ ದಾರಿಯಲ್ಲಿತ್ತು. ಸುತ್ತಲಿನ ನಾಲ್ಕಾರು ಊರುಗಳಲ್ಲಿ ಯಾರ ಮನೆಯಲ್ಲಿ ಹಗೇವು ತೆಗೆಯುತ್ತಾರೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಒಂದು ಹಗ್ಗವನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ನಡೆದೇ ಹೋಗಿ ಕೊಟ್ಟು ಬರುತ್ತಿದ್ದಳು. ಕಾಳು ಕೊಟ್ಟರೂ ಒಲ್ಲೆ, ಕುಪ್ಪಸದ ಬಟ್ಟೆ ಕೊಟ್ಟರೂ ಒಲ್ಲೆ. ಪಾಪ ತೊಳೆಯಲು ಹರಕೆ ಹೊತ್ತಿದ್ದಾಳೆ ಎಂದು ಜನ ಆಡಿಕೊಳ್ಳುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನೂ ಒಮ್ಮೆ ಅವಳ ಮುಖಕ್ಕೇ ಅಂದಿದ್ದೆ. ಅವಳು ನಕ್ಕು, ತುದಿ ಬಿಗಿಯಾಗಿ ಹಿಡಿ ಎಂದಳು.

ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಆಳು ನುಸುಳುವಷ್ಟೇ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಇಬ್ಬರು ಒಬ್ಬರ ಮೇಲೊಬ್ಬರು ನಿಂತರೂ ಮೇಲಿನವನ ತಲೆ ಕಾಣದಷ್ಟು ಆಳ. ಸುತ್ತಲೂ ಜೋಳದ ಒಣ ದಂಟಿನ ಕಣಿಕೆ ಮತ್ತು ಹೊಟ್ಟು ಒತ್ತಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಹಾಕಿ, ಮೇಲೆ ಮಣ್ಣು ಮೆತ್ತಿದರೆ ಎರಡು ಮೂರು ವರ್ಷ ನುಸಿ ಹಿಡಿಯುವುದಿಲ್ಲ. ಬಾಯಿ ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಒಳಗೆ ಕಾವು ಇರುತ್ತದೆ. ಮೊದಲು ಅರಿಶಿನ ಕುಂಕುಮ ಏರಿಸಿ ಪೂಜೆ ಮಾಡಬೇಕು. ಆಮೇಲೆ ಮನೆಯ ಹೆಣ್ಣುಮಗಳು ಮಿಂದು ಬಂದು, ಸಣ್ಣ ಬೋಗುಣಿಯಲ್ಲಿ ಪಣತಿ ಇಟ್ಟು ಹಗ್ಗ ಕಟ್ಟಿ ಒಳಗೆ ಇಳಿಬಿಡಬೇಕು. ದೀಪ ಉರಿದರೆ ಹಗೇವಿನ ತಾಯಿ ಒಪ್ಪಿದಳು, ನಂದಿದರೆ ಇನ್ನೂ ಒಪ್ಪಿಲ್ಲ ಎಂದು ನಂಬಿಕೆ.

ನನಗೆ ಆರು ವರ್ಷವಿದ್ದಾಗ ನಮ್ಮ ಮನೆಯ ಹಗೇವಿಗೆ ಅವ್ವ ದೀಪ ಇಳಿಬಿಟ್ಟಳು. ದೀಪ ಚೆನ್ನಾಗಿಯೇ ಉರಿಯಿತು. ಅಪ್ಪ ಇಳಿದ, ಒಂದು ಬುಟ್ಟಿ ಜೋಳ ತುಂಬಲು ಬಗ್ಗಿದ, ಮತ್ತೆ ಏಳಲಿಲ್ಲ. ಅವನನ್ನು ಮೇಲೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವ್ವ ಮುಟ್ಟಾಗಿದ್ದನ್ನು ಮುಚ್ಚಿಟ್ಟು ದೀಪ ಹಿಡಿದಳು, ಅದಕ್ಕೇ ದೀಪ ಸುಳ್ಳು ಹೇಳಿತು ಎಂದು ಊರು ತೀರ್ಪು ಕೊಟ್ಟಿತು. ಮೊದಲು ಅದನ್ನು ಬಾಯಿಬಿಟ್ಟು ಹೇಳಿದವಳು ನಮ್ಮ ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ. ಅವಳು ಕೆಟ್ಟವಳಲ್ಲ. ಮದುವೆಯಾಗಿ ಆ ಮನೆಗೆ ಬಂದಾಗ ನನ್ನ ಅಪ್ಪ ತಾಯಿಯಿಲ್ಲದ ಕೂಸು. ಹೊಟ್ಟೆಯಲ್ಲಿ ಹುಟ್ಟಿದವನಂತೆ ಅವನನ್ನು ಸಾಕಿದ್ದಳು. ಅವಳ ದುಃಖಕ್ಕೆ ಒಬ್ಬರು ಬೇಕಿತ್ತು, ಅವ್ವ ಸಿಕ್ಕಳು. ಅಂದಿನಿಂದ ಅವ್ವ ಆ ಮನೆಯಲ್ಲಿ ದೀಪ ಹಚ್ಚುವಂತಿರಲಿಲ್ಲ. ಊರಲ್ಲಿ ಬೇರೆ ವಿಧವೆಯರು ಮುಸ್ಸಂಜೆ ದೇವರ ಗೂಡಿಗೆ ದೀಪ ಇಡುತ್ತಿದ್ದರು, ನನ್ನ ಅವ್ವನಿಗೆ ಮಾತ್ರ ಅದಿಲ್ಲ. ಹಗೇವು ತೆಗೆಯುವ ದಿನ ಅವಳು ದನದ ಕೊಟ್ಟಿಗೆಯಲ್ಲಿ ನಿಲ್ಲಬೇಕು. ಅವಳು ಹೊಸೆದ ಹಗ್ಗ ಊರೂರಿಗೆ ಹೋಗುತ್ತಿತ್ತು, ನಮ್ಮ ಹಗೇವಿಗೆ ಮಾತ್ರ ದೊಡ್ಡವ್ವ ಮುಟ್ಟಿಸಲು ಬಿಡುತ್ತಿರಲಿಲ್ಲ. ನಮ್ಮ ಮನೆಯ ಗೂಟಕ್ಕೆ ಮುತ್ತಜ್ಜನ ಕಾಲದ ಹಳೆಯ ಹಗ್ಗವೇ ತೂಗಾಡುತ್ತಿತ್ತು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಈಗಲೂ ಹಾಗೇ. ಅವ್ವ ಅಂದು ಮುಟ್ಟಾಗಿರಲಿಲ್ಲ ಎಂದು ನನಗೆ ಗೊತ್ತಿತ್ತು. ಹಿಂದಿನ ವಾರವಷ್ಟೇ ಅವಳು ಮೂರು ದಿನ ಹೊರಗೆ ಕೂತಿದ್ದಳು, ನಾನು ಅವಳ ಪಕ್ಕ ಮಲಗಲು ಅತ್ತು ರಂಪ ಮಾಡಿದ್ದೆ. ಇದನ್ನು ಆರು ವರ್ಷದವಳ ಬಾಯಿಂದ ಕೇಳುವವರು ಯಾರು? ಬೆಳೆದಂತೆ ಒಂದು ಪ್ರಶ್ನೆ ನನ್ನೊಳಗೆ ಮುಳ್ಳಾಗಿ ಕೂತಿತು. ದೀಪ ಯಾಕೆ ಉರಿಯಿತು? ಇದಕ್ಕೆ ಉತ್ತರ ತಂದು ದೊಡ್ಡವ್ವನ ಮುಂದೆ ಇಟ್ಟೇ ತೀರುತ್ತೇನೆ, ಅವ್ವನ ಕೈಗೆ ಮತ್ತೆ ದೀಪ ಕೊಡಿಸುತ್ತೇನೆ ಎಂದು ಹಟ ಹಿಡಿದೆ. ಉಡ ಹಿಡಿದ ಪಟ್ಟು ಬಿಟ್ಟೀತು, ನಾನು ಬಿಡುವವಳಲ್ಲ.

ಅಷ್ಟರಲ್ಲಿ ಜಮಖಂಡಿ ಸಂಸ್ಥಾನ ಹೋಗಿ ನಾವು ಮುಂಬೈ ಸರಕಾರದವರಾಗಿದ್ದೆವು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ಹೆಣ್ಣು ಹುಡುಗಿಗೆ ಇನ್ನು ಸಾಲೆ ಯಾಕೆ ಎಂಬ ಮಾತು ಬಂತು. ನಾನು ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ದೊಡ್ಡಪ್ಪ ಚಕ್ಕಡಿ ಹೂಡಿ ನನ್ನನ್ನು ಜಮಖಂಡಿಯ ಸೋದರಮಾವನ ಮನೆಗೆ ಬಿಟ್ಟು ಬಂದ. ಮಾವ ರಬಕವಿ-ಬನಹಟ್ಟಿಯ ನೇಕಾರರಿಂದ ಸೀರೆ ತಂದು ಊರೂರು ಸಂತೆಯಲ್ಲಿ ಮಾರುತ್ತಿದ್ದ. ಹೈಸ್ಕೂಲಿನ ತರಗತಿಯಲ್ಲಿ ಹುಡುಗಿಯರು ನಾವು ಮೂವರೇ. ಮುಂದಿನ ಬೆಂಚು ನಮ್ಮದಾಗಿತ್ತು, ಹಿಂದಿನ ನಗೆಯೆಲ್ಲ ಹುಡುಗರದಾಗಿತ್ತು.

ವಿಜ್ಞಾನ ಹೇಳುತ್ತಿದ್ದ ಮಾಸ್ತರರು ಮುಧೋಳದ ಕಡೆಯವರು, ತೆಳ್ಳಗಿನ ಆಳು. ಪುಸ್ತಕದಲ್ಲಿದ್ದುದನ್ನು ಕಣ್ಣಿಗೆ ತೋರಿಸದೆ ಬಿಡುತ್ತಿರಲಿಲ್ಲ. ಒಂದು ದಿನ ಬೆಲ್ಲದ ನೀರನ್ನು ಗಾಜಿನ ಶೀಶೆಗೆ ತುಂಬಿ, ತೊಳೆಯದ ಒಂದು ಹಿಡಿ ಒಣದ್ರಾಕ್ಷಿ ಹಾಕಿ, ಬೂಚಿಗೆ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಸುಣ್ಣದ ತಿಳಿ ಇದ್ದ ಲೋಟದಲ್ಲಿ ಅದ್ದಿ ಕಪಾಟಿನಲ್ಲಿಟ್ಟರು. ಎರಡು ಮೂರು ದಿನದಲ್ಲಿ ಶೀಶೆ ಬುಳುಬುಳು ಎನ್ನತೊಡಗಿತು, ಸುಣ್ಣದ ತಿಳಿ ಹಾಲಿನಂತೆ ಬೆಳ್ಳಗಾಯಿತು. ದ್ರಾಕ್ಷಿಯ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ಜೀವಿಗಳಿವೆ, ಒಂದೊಂದೂ ಒಂದೇ ಜೀವಕೋಶ. ಅವು ಸಕ್ಕರೆಯನ್ನು ಒಡೆದು ತಮಗೆ ಬೇಕಾದ ಶಕ್ತಿ ಪಡೆಯುತ್ತವೆ. ಸುಣ್ಣದ ತಿಳಿಯನ್ನು ಬೆಳ್ಳಗೆ ಮಾಡಿದ್ದು ಅವು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಎಂದು ಹೇಳಿದರು.

ಆದರೆ ಆ ಶೀಶೆ ಇನ್ನೊಂದನ್ನೂ ಬಿಡುತ್ತಿತ್ತು, ವಾಸನೆಯನ್ನು. ಆಗ ದಾರೂಬಂದಿಯ, ಅಂದರೆ ಪಾನನಿಷೇಧದ ಕಾಲ. ಹುಳಿಹೆಂಡದ ವಾಸನೆ ಮೂಗಿಗೆ ಬಡಿದದ್ದೇ ಸಾಲೆಯ ಜವಾನ ಪಟ್ಟೇವಾಲಾ ಹೋಗಿ ಹೆಡ್‌ಮಾಸ್ತರರಿಗೆ ಹೇಳಿದ. ಅವರು ಪೇಟಾ ಸರಿಮಾಡಿಕೊಳ್ಳುತ್ತ ಓಡಿ ಬಂದು, ಇಬ್ಬರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು, ಶೀಶೆಯನ್ನು ಗೋಡೆಯ ಹಿಂದೆ ತಾವೇ ಸುರಿದರು. ತರಗತಿಗೆ ಮರಳಿದ ನಮ್ಮ ಮಾಸ್ತರರು ಬೋರ್ಡು ಒರೆಸುತ್ತ, ಮುಂಬೈ ಸರಕಾರದ ಕಾಯದೆ ಈ ಸಣ್ಣ ಜೀವಿಗಳಿಗೆ ಇನ್ನೂ ತಲುಪಿಲ್ಲ ಎಂದಷ್ಟೇ ಹೇಳಿದರು. ಹುಡುಗರು ಬೆಂಚು ಬಡಿದು ನಕ್ಕರು, ನನಗೆ ನಗು ಬರಲಿಲ್ಲ. ಆ ವಾಸನೆ ನನಗೆ ಗುರುತಿತ್ತು. ಅಪ್ಪ ಸತ್ತ ವರ್ಷ ಹಗೇವಿನ ಬಾಯಿಯಿಂದ ಬಂದದ್ದು ಅದೇ ಹುಳಿ ವಾಸನೆ. ಆ ವರ್ಷ ಮಳೆಗಾಲದಲ್ಲಿ ಚಪ್ಪಡಿಯ ಸಂದಿಯಿಂದ ನೀರು ಇಳಿದು ಅಂಚಿನ ಜೋಳ ತೊಯ್ದಿತ್ತು.

ನಾನು ಎದ್ದು ನಿಂತು, ಒಣಗಿದ ಜೋಳದ ಕಾಳಿಗೂ ಜೀವ ಇದೆಯೇ ಎಂದು ಕೇಳಿದೆ. ಹಿಂದಿನ ಬೆಂಚು ಮತ್ತೆ ನಕ್ಕಿತು. ಮಾಸ್ತರರು ನಗಲಿಲ್ಲ. ಜೀವವಿಲ್ಲದಿದ್ದರೆ ಬಿತ್ತಿದಾಗ ಮೊಳೆಯುವುದು ಹೇಗೆ ಎಂದು ಕೇಳಿದರು. ಆಮೇಲೆ ಆ ಇಡೀ ತಾಸನ್ನು ಅದಕ್ಕೇ ಕೊಟ್ಟರು. ಕಾಳಿನೊಳಗಿನ ಹಿಟ್ಟು ಸಕ್ಕರೆಯಾಗುತ್ತದೆ. ಜೀವಕೋಶ ಆ ಸಕ್ಕರೆಯನ್ನು ಗಾಳಿಯ ಆಮ್ಲಜನಕದೊಡನೆ ಸೇರಿಸಿ ನಿಧಾನವಾಗಿ ಸುಡುತ್ತದೆ. ಜ್ವಾಲೆಯಿಲ್ಲ, ಹೊಗೆಯಿಲ್ಲ. ಆದರೆ ಒಲೆಯಲ್ಲಿ ಆಗುವಂತೆಯೇ ಶಕ್ತಿ ಹೊರಬರುತ್ತದೆ, ಕಾವು ಹುಟ್ಟುತ್ತದೆ, ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಉಳಿಯುತ್ತವೆ. ಇದು ಉಸಿರಾಟ. ಒಣಗಿದ ಕಾಳಿನದು ಇದ್ದೂ ಇಲ್ಲದಂಥ ಉಸಿರು. ಅದಕ್ಕೆ ತೇವ ತಾಗಿದರೆ ಉಸಿರು ಜೋರಾಗುತ್ತದೆ. ಮುಚ್ಚಿದ ಜಾಗದಲ್ಲಿ ಗಾಳಿ ತೀರಿಹೋದರೆ ಕಾಳು, ಬೂಸ್ಟು, ಕಣ್ಣಿಗೆ ಕಾಣದ ಜೀವಿಗಳು ಸಕ್ಕರೆಯನ್ನು ಅರ್ಧಕ್ಕೇ ಒಡೆದು ಬಿಡುತ್ತವೆ. ಅದು ಹುದುಗುವಿಕೆ. ಕಟ್ಟಿಗೆ ಪೂರಾ ಉರಿದರೆ ಬೂದಿ, ಅರ್ಧ ಉರಿದು ಆರಿದರೆ ಇದ್ದಲಿ. ಇದ್ದಲಿಯಲ್ಲಿ ಇನ್ನೂ ಉರಿಯುವ ಶಕ್ತಿ ಉಳಿದಿರುತ್ತದೆ. ಹಾಗೆಯೇ ಹುಳಿಹೆಂಡದಲ್ಲಿ ಸಕ್ಕರೆಯ ಶಕ್ತಿ ಬಹುಪಾಲು ಹಾಗೇ ಕೂತಿರುತ್ತದೆ, ಜೀವಿಗೆ ದಕ್ಕುವುದು ಸ್ವಲ್ಪವೇ.

ನಮ್ಮ ಮೈಯಲ್ಲೂ ಇದೇ ಕೆಲಸ ನಡೆಯುತ್ತದೆ ಎಂದರು. ತಿಂದ ರೊಟ್ಟಿ ಸಕ್ಕರೆಯಾಗಿ ರಕ್ತದಲ್ಲಿ ಹೋಗಿ ತೋಳಿನ ಜೀವಕೋಶದಲ್ಲಿ ಉರಿಯುತ್ತದೆ. ಓಡುವಾಗ ಉಸಿರು ಸಾಲದಾದರೆ ಸ್ನಾಯು ಕೂಡ ಸಕ್ಕರೆಯನ್ನು ಅರ್ಧಕ್ಕೇ ಒಡೆದು ಹುಳಿ ಬಿಡುತ್ತದೆ. ನಾನು ಅವ್ವನ ತೋಳುಗಳನ್ನು ನೆನೆದೆ. ಒಂದೂವರೆ ರೊಟ್ಟಿ ತಿಂದು ಇಡೀ ದಿನ ಹುರಿ ಹಾಕುವ ತೋಳುಗಳು. ಹಗೇವಿನೊಳಗೆ ಜೋಳ ಸುಡುವುದೂ ಅವ್ವನ ತೋಳಲ್ಲಿ ಸುಡುವುದೂ ಒಂದೇ ಎಂದು ತಿಳಿದಾಗ ಕಣ್ಣು ತುಂಬಿ ಬಂತು. ಹಲ್ಲು ಕಚ್ಚಿಕೊಂಡು ಬರೆದುಕೊಂಡೆ.

ಆದರೆ ನನ್ನ ಮುಳ್ಳು ಹಾಗೇ ಉಳಿಯಿತು. ಗಾಳಿ ತೀರಿದ್ದಕ್ಕೆ ಅಪ್ಪ ಸತ್ತ, ಸರಿ. ಗಾಳಿ ತೀರಿದ್ದರೆ ದೀಪವೂ ನಂದಬೇಕಿತ್ತಲ್ಲ?

ಮಾವನ ಮನೆಯಲ್ಲಿ ಉಪ್ಪಿನಕಾಯಿಯ ದೊಡ್ಡ ಗಾಜಿನ ಭರಣಿಯೊಂದು ಖಾಲಿ ಇತ್ತು. ಅತ್ತೆಯನ್ನು ಕಾಡಿ ಬೇಡಿ ಪಡೆದೆ. ಮಡಿಕೆ ಕಾಳು ನೆನೆಸಿ, ಮೊಳಕೆ ಬಂದ ಮೇಲೆ ತಳಕ್ಕೆ ಹಾಕಿ, ಮುಚ್ಚಳ ಬಿಗಿದು ಒಂದು ದಿನ ಇಟ್ಟೆ. ಮರುದಿನ ತೆರೆದು, ತಂತಿಗೆ ಕಟ್ಟಿದ ಸಣ್ಣ ಬತ್ತಿ ಹಚ್ಚಿ ಒಳಗೆ ಇಳಿಸಿದೆ. ಬಾಯಿಯ ಹತ್ತಿರ ಉರಿಯಿತು. ನಿರಾಸೆಯಾಯಿತು. ಇರಲಿ ಎಂದು ಇನ್ನೂ ಕೆಳಗೆ ಇಳಿಸಿದೆ. ಕಾಳಿನ ಹತ್ತಿರ ಹೋದದ್ದೇ ಬತ್ತಿ ತಟ್ಟನೆ ಆರಿತು. ಮತ್ತೆ ಹಚ್ಚಿದೆ. ಮೇಲೆ ಉರಿಯಿತು, ಕೆಳಗೆ ಆರಿತು. ಐದಾರು ಸಲ ಮಾಡುವ ಹೊತ್ತಿಗೆ ಮುಚ್ಚಳ ತೆಗೆದಿದ್ದ ಭರಣಿಯ ಗಾಳಿ ಕದಡಿ ಎಲ್ಲ ಕಡೆಯೂ ಉರಿಯತೊಡಗಿತು. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲಿ ನೀರಿನಂತೆ ನಿಲ್ಲುತ್ತದೆ ಎಂದು ಮಾಸ್ತರರು ಹೇಳಿದ್ದು ಆಗ ನನ್ನ ತಲೆಗೆ ಹೊಕ್ಕಿತು. ದೀಪ ಎಲ್ಲಿಯವರೆಗೆ ಹೋಯಿತು ಎಂಬುದೇ ಪ್ರಶ್ನೆ. ಅಂದರೆ ಹಗ್ಗ ಎಷ್ಟು ಉದ್ದವಿತ್ತು?

ಬೇಸಿಗೆ ಸೂಟಿಗೆ ಊರಿಗೆ ಬಂದವಳು ಚೀಲವನ್ನೂ ಇಳಿಸದೆ ಗೂಟದ ಮೇಲಿನ ಹಳೆಯ ಹಗ್ಗ ತೆಗೆದು ಮೊಳ ಹಾಕಿ ಅಳೆದೆ. ಒಂದಾಳುದ್ದಕ್ಕಿಂತ ಒಂದು ಗೇಣು ಹೆಚ್ಚು, ಅಷ್ಟೇ. ಬಾಯಿಮಟ್ಟ ತುಂಬಿದ ಹಗೇವಿಗೆ ಅದು ಧಾರಾಳವಾಗಿ ಸಾಕು. ಪಣತಿ ಹೋಗಿ ಕಾಳಿನ ಮೇಲೇ ಕೂರುತ್ತದೆ. ಆದರೆ ಅಪ್ಪ ಸತ್ತ ವರ್ಷ ನಮ್ಮವರು ಹಗೇವನ್ನು ಎರಡನೆಯ ಸಲ ತೆಗೆದಿದ್ದರು. ಯುಗಾದಿಗೆ ಮೊದಲೇ ಮುಕ್ಕಾಲು ಪಾಲು ಕಾಳು ಎತ್ತಿ ಬಾಯಿ ಮುಚ್ಚಿದ್ದರು. ಕಾಳು ಕೆಳಗೆ ಹೋಗಿತ್ತು, ಹಗ್ಗ ಮಾತ್ರ ಅದೇ ಆಗಿತ್ತು. ಅಜ್ಜ ಮುತ್ತಜ್ಜ ಬಳಸಿದ ಹಗ್ಗ ಎಂಬ ಭಕ್ತಿಯಲ್ಲಿ ಯಾರೂ ಅಳೆದು ನೋಡಿರಲಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು. ಅವ್ವನ ಮೈಯದೂ ಅಲ್ಲ, ಕೈಯದೂ ಅಲ್ಲ, ತಪ್ಪು ಹಗ್ಗದ್ದು ಎಂದು ಆಡಿಕೊಂಡೇ ಓಡಾಡಿದೆ. ಖುಷಿಯಲ್ಲಿದ್ದವರಿಗೆ ಎದುರಿನವರ ಮುಖ ಕಾಣುವುದಿಲ್ಲ. ಇದನ್ನು ಹೇಳಿದಾಗ ಅವ್ವ ನಾರು ಹದ ಮಾಡುತ್ತ ಕೂತಿದ್ದಳು.

ಆ ವರ್ಷವೂ ಯುಗಾದಿಗೆ ಮುಂಚೆ ಒಮ್ಮೆ ಕಾಳು ಎತ್ತಿದ್ದರು. ಸೂಟಿಯ ಎರಡನೆಯ ವಾರ ಮತ್ತೆ ಹಗೇವು ತೆಗೆಯುವುದೆಂದು ದೊಡ್ಡಪ್ಪ ಹೇಳಿದ. ಚಪ್ಪಡಿ ಸರಿಸಿದ ಕೂಡಲೇ ನನ್ನ ಮೂಗಿಗೆ ಆ ಹುಳಿ ವಾಸನೆ ಬಡಿಯಿತು, ಸಣ್ಣಗೆ. ಒಂದು ತಾಸು ಬಿಟ್ಟರು. ದೊಡ್ಡವ್ವ ಮಿಂದು ಬಂದು, ಅರಿಶಿನ ಕುಂಕುಮ ಏರಿಸಿ, ಮನೆದೇವರು ಬೀರಪ್ಪನ ಹೆಸರು ಹೇಳಿ ಹಳೆಯ ಹಗ್ಗದಲ್ಲಿ ಪಣತಿ ಇಳಿಬಿಟ್ಟಳು. ಅವ್ವ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಹಗ್ಗದ ತುದಿ ದೊಡ್ಡವ್ವನ ಬೆರಳಿಗೆ ಬಂದು ನಿಂತಿತು. ದೀಪ ಚೆನ್ನಾಗಿಯೇ ಉರಿಯಿತು. ದೊಡ್ಡಪ್ಪ ಧೋತರ ಎತ್ತಿ ಕಟ್ಟಿ ಹಗೇವಿನ ಬಾಯಿಗೆ ಒಂದು ಕಾಲು ಇಳಿಬಿಟ್ಟ.

ನಾನು ಅವನ ತೋಳು ಹಿಡಿದುಕೊಂಡೆ.

"ಇಳಿಬ್ಯಾಡ್ರಿ ದೊಡ್ಡಪ್ಪಾ. ದೀಪ ಇದ್ದಲ್ಲಿ ನೀವು ನಿಲ್ಲಾಂಗಿಲ್ಲ. ನೀವು ನಿಲ್ಲೂದು ಅದರ ಕೆಳಗ."

ದೊಡ್ಡವ್ವನಿಗೆ ಸಿಟ್ಟು ನೆತ್ತಿಗೇರಿತು. ನಾಲ್ಕಕ್ಷರ ಕಲಿತು ದೇವಿಗೇ ಅಡ್ಡ ನಿಲ್ಲುತ್ತೀಯಾ, ಈ ಮನೆಯಲ್ಲಿ ಒಂದು ಸಲ ಆದದ್ದು ಸಾಲದೇ ಎಂದು ಬೈದಳು. ನಾನು ತೋಳು ಬಿಡಲಿಲ್ಲ. ಬಿಟ್ಟಿದ್ದರೆ ಇಳಿದುಬಿಡುತ್ತಿದ್ದ, ಅವನೂ ನಮ್ಮ ಮನೆತನದ ಹಟದವನೇ. ಒಂದೇ ಒಂದು ಸಲ ಉದ್ದ ಹಗ್ಗದಲ್ಲಿ ದೀಪ ಬಿಡುತ್ತೇನೆ, ಆಗಲೂ ಉರಿದರೆ ನಾಳೆಯಿಂದ ಸಾಲೆ ಬಿಡುತ್ತೇನೆ ಎಂದೆ. ದೊಡ್ಡಪ್ಪ ನನ್ನ ಮುಖ ನೋಡಿದ, ಕಾಲು ಮೇಲೆ ತೆಗೆದ.

"ಆತು, ತೋರಸು," ಎಂದ.

ಬದಿಯ ಊರಿನವರಿಗೆಂದು ಅವ್ವ ಹೊಸೆದಿಟ್ಟ ಹಗ್ಗ ಪಡಸಾಲೆಯಲ್ಲಿತ್ತು. ಓಡಿಹೋಗಿ ತಂದೆ. ಬೋಗುಣಿಗೆ ಕಟ್ಟಿ, ಹಳೆಯ ಹಗ್ಗ ಮುಗಿಯುವ ಅಳತೆಗೆ ಕೆಂಪು ದಾರದ ಗುರುತು ಮಾಡಿ, ದೀಪ ಇಳಿಸಿದೆ. ಗುರುತು ಬಾಯಿಗೆ ಬಂತು, ದೀಪ ಉರಿಯುತ್ತಿತ್ತು. ಇನ್ನೊಂದು ಮೊಳ ಬಿಟ್ಟೆ. ಕುಡಿ ಸಣ್ಣಗಾಗಿ ನೀಲಿಯಾಯಿತು. ಮತ್ತೊಂದು ಮೊಳ ಬಿಡುವಷ್ಟರಲ್ಲಿ ಯಾರೋ ಊದಿದಂತೆ ನಂದಿತು. ಎರಡನೆಯ ಸಲವೂ ಅಲ್ಲೇ ನಂದಿತು. ಮೂರನೆಯ ಸಲ ದೊಡ್ಡಪ್ಪ ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಇಳಿಸಿದ. ಕತ್ತಲಾದ ಹಗೇವಿನೊಳಗೆ ಅವನು ಬಹಳ ಹೊತ್ತು ನೋಡುತ್ತ ಕುಳಿತ.

ಆಗ ನಾನು ಹತ್ತು ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಹೇಳಿದೆ.

"ಅವತ್ತ ದೀಪ ಸುಳ್ಳು ಹೇಳಿದ್ದಿಲ್ಲ ದೊಡ್ಡವ್ವಾ. ಹಗ್ಗ ಗಿಡ್ಡ ಇತ್ತು."

ದೊಡ್ಡವ್ವ ಅರಿಶಿನದ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ದೊಡ್ಡಪ್ಪ ಅವ್ವನ ಹಗ್ಗಕ್ಕೆ ಬೇವಿನ ಟೊಂಗೆಗಳ ಕಟ್ಟು ಬಿಗಿದು, ಹಗೇವಿನೊಳಗೆ ಮೇಲೆ ಕೆಳಗೆ ಎಳೆದಾಡಿ ಗಾಳಿ ಕದಡಿದ. ಒಂದು ದಿನ ಬಾಯಿ ತೆರೆದಿಟ್ಟು, ಮರುದಿನ ತಳದವರೆಗೂ ದೀಪ ಉರಿದ ಮೇಲೆಯೇ ಇಳಿಯುವುದೆಂದು ಆಯಿತು. ಯಾರೂ ನನಗೆ ಭೇಷ್ ಅನ್ನಲಿಲ್ಲ. ನಾನು ನೆಲದಿಂದ ಗೇಣು ಮೇಲೆ ನಡೆಯುತ್ತ ಕೊಟ್ಟಿಗೆಗೆ ಹೋದೆ.

ಸಂಜೆಯಾಗುತ್ತಿತ್ತು. ಅವ್ವ ಎಮ್ಮೆ ಹಿಂಡುತ್ತಿದ್ದಳು. ನಾನು ಗೆದ್ದು ಬಂದವಳಂತೆ ಕಂಬಕ್ಕೆ ಒರಗಿ ನಿಂತು, ಉಸಿರಾಟ, ಹುದುಗುವಿಕೆ, ಭಾರದ ಗಾಳಿ ಎಲ್ಲವನ್ನೂ ಅವಳಿಗೆ ಬಿಡಿಸಿ ಹೇಳಿದೆ. ಅವಳು ಹಿಂಡುವುದನ್ನು ನಿಲ್ಲಿಸದೆ ಕೇಳಿದಳು. ಚರಿಗೆ ತುಂಬಿದ ಮೇಲೆ ಎದ್ದು ಅದನ್ನು ಗೂಡಿನಲ್ಲಿಟ್ಟು ನನ್ನ ಕಡೆ ತಿರುಗಿದಳು.

"ನೀ ಸಾಲ್ಯಾಗ ಕಲತದ್ದನ್ನ ನಾ ಅವತ್ತ ಕಣ್ಣೀಲೆ ನೋಡೀನವಾ. ಹಗೇವಿನ ಬಾಯಿಗೆ ಬಗ್ಗಿ ನೋಡಿದ್ರ, ದೀಪ ಹಂಗ ಉರಿಯಾಕತ್ತಿತ್ತು. ನಿಮ್ಮಪ್ಪ ಅದರ ಕೆಳಗ ಬಿದ್ದಿದ್ದ."

ಅವಳು ಇನ್ನಷ್ಟು ಹೇಳಿದಳು. ದೀಪ ಬಿಡುವಾಗಲೇ ಹಗ್ಗ ಸಾಲದೆಂದು ಅವಳಿಗೆ ಅನ್ನಿಸಿತ್ತಂತೆ. ಕಾಳು ಬಹಳ ಕೆಳಗಿದೆ, ಬಾವಿಯ ಹಗ್ಗ ತರುತ್ತೇನೆ ಎಂದು ಅಪ್ಪನಿಗೆ ಹೇಳಿದಳಂತೆ. ಅಪ್ಪನಿಗೆ ಅವಸರವಿತ್ತು. ಸಾಕು ಬಿಡು ಎಂದು ಇಳಿದನಂತೆ. ಊರೆಲ್ಲ ನಿನ್ನನ್ನು ಆಡಿಕೊಳ್ಳುವಾಗ ಇದನ್ನು ಯಾಕೆ ಹೇಳಲಿಲ್ಲ ಎಂದು ನಾನು ಚೀರಿದೆ. ಎಮ್ಮೆ ಬೆದರಿ ಹಗ್ಗ ಜಗ್ಗಿತು. ಅವ್ವ ಅದರ ಬೆನ್ನು ಸವರಿದಳು.

"ಸತ್ತಾವರ ಮ್ಯಾಲ ತಪ್ಪು ಹೊರಸಬಾರದು. ಅವರಿಗೆ ತಿರುಗಿ ಮಾತಾಡಾಕ ಬರೂದಿಲ್ಲ. ನಿಮ್ಮ ದೊಡ್ಡವ್ವಗ ಅಂವ ಮಗಾ ಇದ್ದಂಗ ಇದ್ದ. ಅಂವ ತನ್ನ ಅವಸರಕ್ಕ ತಾನ ಸತ್ತಾ ಅಂತ ಆಕಿಗೆ ಹೆಂಗ ಹೇಳಲಿ? ನಾ ಬದುಕಿದ್ನಿ, ಹೊತ್ಕೊಂಡ್ನಿ."

ಆ ಹತ್ತು ವರ್ಷದ ಹಗ್ಗಗಳೆಲ್ಲ ಒಮ್ಮೆಲೇ ನನ್ನ ಕಣ್ಣ ಮುಂದೆ ಬಂದವು. ಹರಕೆಯಲ್ಲ, ಪಾಪ ತೊಳೆಯುವುದೂ ಅಲ್ಲ. ಉದ್ದ ಹಗ್ಗವೊಂದು ಪ್ರತಿ ಹಗೇವಿನ ಬಳಿ ಇರಲಿ ಎಂದು, ಯಾಕೆಂದು ಯಾರಿಗೂ ಹೇಳದೆ, ಸುತ್ತಲಿನ ಊರುಗಳಿಗೆಲ್ಲ ಮುಟ್ಟಿಸಿದ್ದಳು. ಅವಳು ಹಗ್ಗ ಕೊಟ್ಟ ಮನೆಗಳಲ್ಲಿ ಆಮೇಲೆ ಯಾರೂ ಹಗೇವಿನಲ್ಲಿ ಸತ್ತಿರಲಿಲ್ಲ. ಅವಳ ಹಗ್ಗ ಬೇಡವೆಂದ ನಮ್ಮ ಮನೆಯಲ್ಲೇ ಇನ್ನೊಂದು ಸಾವು ಕಾಲು ಇಳಿಬಿಟ್ಟಿತ್ತು. ನಾನು ಅವಳ ಸೆರಗಿನಲ್ಲಿ ಮುಖ ಇಟ್ಟು ಅತ್ತೆ. ನಾರಿನ ನಾತ ಬರುತ್ತಿತ್ತು. ಜೀವನದಲ್ಲಿ ಮೊದಲ ಸಲ ಅಪ್ಪನ ಮೇಲೆ ಸಿಟ್ಟು ಬಂತು, ಅದು ಇಂದಿಗೂ ಪೂರ್ತಿ ಇಳಿದಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಪಡಸಾಲೆಯಲ್ಲಿ ಹೊಸ ಹಗ್ಗಕ್ಕೆ ಕೂತಳು. ಹಿಂದಿನ ದಿನದ್ದು ಈಗ ನಮ್ಮ ಮನೆಯ ಗೂಟ ಸೇರಿತ್ತು, ಬದಿಯ ಊರಿನವರಿಗೆ ಇನ್ನೊಂದು ಬೇಕಿತ್ತು. ನಾನು ತುದಿ ಹಿಡಿದು ಕೂತೆ, ಗೊಣಗದೆ. ದೊಡ್ಡವ್ವ ಒಳಗಿನಿಂದ ಬಂದಳು. ರಾತ್ರಿ ನಿದ್ದೆ ಮಾಡಿದವಳಂತೆ ಕಾಣಲಿಲ್ಲ. ನನ್ನ ಕೈಯಿಂದ ಹಗ್ಗದ ತುದಿ ತೆಗೆದುಕೊಂಡಳು. ನಾನು ಸರಿದು ಜಾಗ ಬಿಟ್ಟೆ. ಅವಳು ಅವ್ವನ ಎದುರಿಗೆ ಕಾಲು ಚಾಚಿ ಕೂತು, ತುದಿಯನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದಳು. ಅವ್ವ ಹುರಿ ಹಾಕುತ್ತ ಹೋದಳು.

"ಎಷ್ಟು ಉದ್ದ ಬೇಕು?" ಎಂದು ದೊಡ್ಡವ್ವ ಕೇಳಿದಳು.

"ತಳಾ ಮುಟ್ಟಿ ಮ್ಯಾಲ ಒಂದಾಳುದ್ದ ಉಳಿಬೇಕ್ರಿ ಅಕ್ಕಾ," ಎಂದಳು ಅವ್ವ.

ಇನ್ನೊಂದು ಮೊಳ ಹುರಿ ಬಿದ್ದ ಮೇಲೆ ದೊಡ್ಡವ್ವ ತಲೆ ತಗ್ಗಿಸಿಯೇ ಕೇಳಿದಳು.

"ಅವತ್ತ ಹಗ್ಗ ಗಿಡ್ಡ ಐತಿ ಅಂತ ನಿಮಗಿಬ್ಬರಿಗೂ ತಿಳೀಲೇ ಇಲ್ಲೇನು?"

ಅವ್ವನ ಕೈ ನಿಲ್ಲಲಿಲ್ಲ. ಅವಳು ನನ್ನನ್ನು ಒಂದು ಸಲ ನೋಡಿದಳು. ಖರೆ ಖರೆ ಎಂದು ಹತ್ತು ವರ್ಷ ಹಟ ಹಿಡಿದವಳು ನಾನು. ಭರಣಿಯಲ್ಲಿ ಮಡಿಕೆ ಕಾಳು ಇಟ್ಟು, ಹಳೆಯ ಹಗ್ಗಕ್ಕೆ ಮೊಳ ಹಾಕಿ, ದೊಡ್ಡಪ್ಪನ ತೋಳು ಹಿಡಿದು ನಿಜವನ್ನು ಹೊರಗೆ ಎಳೆದವಳು ನಾನು. ಅದರಲ್ಲಿ ಇನ್ನು ಒಂದೇ ಒಂದು ಎಳೆ ಉಳಿದಿತ್ತು, ಅದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ಇಲ್ರಿ ಅಕ್ಕಾ, ತಿಳೀಲಿಲ್ಲ," ಎಂದಳು ಅವ್ವ.

ನಾನು ಬಾಯಿ ಬಿಗಿ ಹಿಡಿದು ಕೂತೆ. ಮುಸ್ಸಂಜೆಗೆ ದೊಡ್ಡವ್ವ ಎಣ್ಣೆ ಹಾಕಿದ ಪಣತಿಯನ್ನು ತಂದು ಅವ್ವನ ಕೈಗೆ ಕೊಟ್ಟಳು.